ಅಪ್ಪಣೆ ಕೇಳಿದವರು

ಹೋದ ಈಸ್ಟರ್ ಕಳೆದ ಮೇಲೆ ಗಲ್ಫಿನಲ್ಲಿರುವ ಮಗ ಫೋನ್ ಮಾಡಿ ಜಾಗ ಮಾರುವ ಮಾತು ತೆಗೆದ. ಎರಡು ಎಕ್ರೆ ಹತ್ತು ಸೆಂಟ್ಸ್. ಅರ್ಧ ಅಡಿಕೆ ತೋಟ, ಉಳಿದದ್ದು ಗುಡ್ಡೆ. ನಿಮಗೂ ಅಮ್ಮನಿಗೂ ಪ್ರಾಯ ಆಯ್ತು, ಮಂಗಳೂರಿನಲ್ಲಿ ಒಂದು ಸಣ್ಣ ಮನೆ ಮಾಡುವ ಅಂತ ಹೇಳಿದ. ನಾನು, ಪ್ರಾರ್ಥನೆ ಮಾಡಿ ಹೇಳ್ತೇನೆ ಅಂದೆ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಿದ, "ಅಪ್ಪಾ, ಪ್ರಾರ್ಥನೆ ಮಾಡಿದ್ರಾ? ಎಂತ ಉತ್ತರ ಬಂತು?" ಅವನು ತಮಾಷೆಗೆ ಕೇಳಿದ್ದಲ್ಲ. ಆದರೆ ನನಗೆ ನಗುವೂ ಬಂತು, ಒಳಗೆ ಒಂದು ನೋವೂ ಆಯ್ತು. ಉತ್ತರ ಅಂದರೆ ಹೇಗೆ ಬರುತ್ತದೆ, ಯಾರಿಗೆ ಬಂದಿತ್ತು, ಬಂದದ್ದು ದೇವರದ್ದೋ ನಮ್ಮದೇ ಆಸೆಯೋ ಎಂದು ಹೇಗೆ ತಿಳಿಯುವುದು? ವಾಚನಾಲಯದ ಮಾಷ್ಟ್ರು ಈ ಪುಸ್ತಕಕ್ಕೆ ಚರಿತ್ರೆಯ ಲೇಖನ ಕೊಡಿ ಅಂತ ಹೇಳಿದಾಗ ಇದನ್ನೇ ಬರೆಯುವ ಅಂತ ಕಂಡಿತು. ನಾನು ಏಳನೇ ಕ್ಲಾಸಿನವನು. ತಪ್ಪು ಇದ್ದರೆ ಓದುವವರು ಸುಧಾರಿಸಿಕೊಳ್ಳಬೇಕು.

ಮೊದಲು ನನ್ನ ಸ್ವಂತ ಕಥೆ ಹೇಳಿಬಿಡ್ತೇನೆ. ಇಲ್ಲವಾದರೆ ದೊಡ್ಡವರ ಕಥೆ ಹೇಳಲಿಕ್ಕೆ ನನಗೆ ಯೋಗ್ಯತೆ ಇಲ್ಲ.

1991ರ ಎಪ್ರಿಲ್‌ನಲ್ಲಿ ನಮ್ಮ ಬಾವಿ ಬತ್ತಿತು. ಅಡಿಕೆ ಸಸಿ ನೆಟ್ಟು ಮೂರು ವರ್ಷ ಆಗಿತ್ತಷ್ಟೆ. ಕಾಸರಗೋಡಿನ ಕಡೆ ಇಂಥ ಸಮಯದಲ್ಲಿ ಗುಡ್ಡೆಗೆ ಸುರಂಗ ಕೊರೆಯುವುದು ಹಿಂದಿನಿಂದ ಬಂದ ಪದ್ಧತಿ. ಮುರಕಲ್ಲಿನ ಗುಡ್ಡೆಯೊಳಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ, ಅಡ್ಡವಾಗಿ ಪಿಕ್ಕಾಸಿನಲ್ಲಿ ಕೊರೆಯುತ್ತಾ ಹೋಗುವುದು, ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ತರುವುದು. ಲೆಕ್ಕ ಕೋಲಿನಲ್ಲಿ. ಒಂದು ಕೋಲು ಅಂದರೆ ಎರಡೂವರೆ ಅಡಿ ಹತ್ತಿರ. ನೀರು ಇಪ್ಪತ್ತು ಕೋಲಿಗೆ ಸಿಗಲೂಬಹುದು, ನೂರು ಕೋಲಿಗೆ ಸಿಗದೆಯೂ ಇರಬಹುದು. ಎಲ್ಲಿ ಕೊರೆಯುವುದು ಅನ್ನುವುದೇ ದೊಡ್ಡ ಪ್ರಶ್ನೆ. ನೆರೆಯ ಭಟ್ರು, "ಕೆಳಗೆ ಅತ್ತಿಮರದ ಹತ್ತಿರ ನೋಡು ಮಾರಾಯ" ಅಂದರು. ನನಗೆ ಮೇಲೆ ಕೊರೆಯುವ ಆಸೆ. ಮೇಲೆ ನೀರು ಸಿಕ್ಕಿದರೆ ಪಂಪು ಬೇಡ, ಹಾಗೆಯೇ ತೋಟಕ್ಕೆ ಇಳಿಯುತ್ತದೆ.

ರಾತ್ರಿ ಊಟ ಆದ ಮೇಲೆ ಸತ್ಯವೇದ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ, ಕರ್ತನೇ ನೀನೇ ತೋರಿಸು ಎಂದು ಹೆಬ್ಬೆರಳು ಹಾಕಿ ತೆರೆದೆ. ಆದಿಕಾಂಡದ ಇಪ್ಪತ್ತಾರನೇ ಅಧ್ಯಾಯ. ಇಸಾಕನು ಬಾವಿ ತೋಡಿಸಿದ ಅಧ್ಯಾಯ! ಮೈ ಜುಂ ಅಂತ ಹೇಳಿತು. ಇನ್ನು ಯಾರನ್ನು ಕೇಳುವುದು? ಮರುದಿನವೇ ಮೇಲಿನ ಜಾಗದಲ್ಲಿ ಕೊರೆಯಲಿಕ್ಕೆ ಸುರು. ಹೆಂಡತಿಯ ಬೆಂಡೋಲೆ ಅಡವಿಗೆ ಹೋಯಿತು. ನಲುವತ್ತೆರಡು ಕೋಲು ಹೋದೆವು. ಒಳಗೆ ಉಸಿರು ಕಟ್ಟಿ ಮೇಣದ ಬತ್ತಿ ನಂದುತ್ತಿತ್ತು. ಒಂದು ಹನಿ ನೀರಿಲ್ಲ. ಆ ಸುರಂಗ ಈಗಲೂ ಉಂಟು, ಬಾವಲಿಗಳು ವಾಸ ಮಾಡುತ್ತವೆ.

ದೊಡ್ಡಪ್ಪ ಆಗ ಬದುಕಿದ್ದರು. ಸಭೆಯ ಹಿರಿಯರಾಗಿ ಇದ್ದವರು. ನಾನು ಹೋಗಿ ದೇವರ ಮೇಲೆ ಪುಕಾರು ಹೇಳಿದೆ. ಅವರು ಬೈಯಲಿಲ್ಲ. "ಮಗಾ, ಆ ಅಧ್ಯಾಯ ಪೂರ್ತಿ ಓದಿದಿಯಾ? ತೋಡಿದ ಬಾವಿಗೆ ಜಗಳ ಬಂತು, ಇಸಾಕ ಬಿಟ್ಟು ಹೋದ, ಇನ್ನೊಂದು ತೋಡಿದ, ಅದಕ್ಕೂ ಜಗಳ ಬಂತು, ಅದನ್ನೂ ಬಿಟ್ಟ. ನಿನಗೆ ಬೇಕಾದ ಒಂದು ಗೆರೆ ಮಾತ್ರ ನೀನು ತೆಗೊಂಡೆ. ಸತ್ಯವೇದ ಅಂದರೆ ಪ್ರಶ್ನೆಯ ಕವಡೆ ಅಲ್ಲ" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹಿಂದಿನವರು ಹೇಗೆ ಕೇಳಿದರು ಎಂದು ನಾನು ವಿಚಾರಿಸಲಿಕ್ಕೆ ಹೊರಟದ್ದು ಅಲ್ಲಿಂದ. ಸಭಾಪಾಲಕರ ಹತ್ತಿರ ಕೇಳಿದ್ದು, ನಮ್ಮ ವಾಚನಾಲಯದ ಹಳೇ ಪುಸ್ತಕದಲ್ಲಿ ಓದಿದ್ದು, ದೊಡ್ಡಪ್ಪ ಹೇಳಿದ್ದು, ಎಲ್ಲ ಸೇರಿಸಿ ಬರೆಯುತ್ತೇನೆ.

ಕವಡೆ ಅಂತ ದೊಡ್ಡಪ್ಪ ಸುಮ್ಮನೆ ಹೇಳಿದ್ದಲ್ಲ. ನಮ್ಮ ಊರಿನಲ್ಲಿ ಮದುವೆಯೋ, ಮನೆ ಕಟ್ಟುವುದೋ, ದನ ಸಾಯುವುದೋ, ಏನು ಬಂದರೂ ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಕ್ರಮ ಉಂಟು. ಭೂತದ ಕೋಲದಲ್ಲಿ ನುಡಿ ಕೇಳುವ ಕ್ರಮ ಉಂಟು. ದೇವಸ್ಥಾನದಲ್ಲಿ ಹೂ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ನೋಡುವವರೂ ಇದ್ದಾರೆ. ನಾನು ಯಾರ ನಂಬಿಕೆಯನ್ನೂ ಹಳಿಯಲಿಕ್ಕೆ ಬರೆಯುವುದಲ್ಲ. ಅವರ ಜೊತೆಗೇ ನೇಜಿ ನೆಟ್ಟವನು, ಅವರ ಹಾಡು ಕಲಿತು ಹಾಡಿದವನು ನಾನು. ನಮ್ಮ ಅಜ್ಜನ ಅಜ್ಜ ಮೂಲ್ಕಿ ಕಡೆಯಿಂದ ಬಂದವರು, ಬಾಸೆಲ್ ಮಿಶನಿನ ಕಾಲದಲ್ಲಿ ಕ್ರೈಸ್ತರಾದವರು. ಅದಕ್ಕೆ ಮುಂಚೆ ಅವರ ಮನೆಯಲ್ಲೂ ಭೂತ ಇತ್ತು, ನುಡಿ ಇತ್ತು. ಕಷ್ಟ ಬಂದಾಗ ಒಂದು ಬಾಯಿ ತೆರೆದು, ಹೀಗೆ ಮಾಡು ಅಂತ ಅಪ್ಪಣೆ ಕೊಡುತ್ತಿತ್ತು. ಕ್ರೈಸ್ತರಾದ ದಿನ ಆ ಬಾಯಿ ಮುಚ್ಚಿತು. ಪಾದ್ರಿಗಳು, ಇನ್ನು ಪ್ರಶ್ನೆಗೆ ಹೋಗಬಾರದು, ಪ್ರಾರ್ಥನೆ ಮಾಡಬೇಕು ಅಂತ ಹೇಳಿದರು. ಆದರೆ ಪ್ರಾರ್ಥನೆಗೆ ಆ ರೀತಿ ಕಿವಿಗೆ ಕೇಳುವ ಉತ್ತರ ಇಲ್ಲ. ಮೊದಲ ತಲೆಮಾರಿನವರಿಗೆ ಇದು ಎಷ್ಟು ಬಂಙ ಆಗಿರಬೇಕು ಎಂದು ನಮ್ಮ ಸಭೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಶೇಂದಿ ತೆಗೆಯುವ ಕಸುಬು ಬಿಡಬೇಕು, ಕುಟುಂಬದ ಜಾಗ ಹೋಯಿತು, ಮಗಳಿಗೆ ಗಂಡು ಎಲ್ಲಿಂದ ತರುವುದು? ಎಲ್ಲ ಅನಿಶ್ಚಯ ಒಮ್ಮೆಲೇ ತಲೆ ಮೇಲೆ ಬಿದ್ದ ಹೊತ್ತಿನಲ್ಲೇ ಕೇಳುವ ದಾರಿಯೂ ಬದಲಾಯಿತು.

ಸತ್ಯವೇದದಲ್ಲಿ ಗುರುತು ಕೇಳಿದವರು ಇಲ್ಲವೇ ಅಂದರೆ, ಇದ್ದಾರೆ. ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಒಂದು ರಾತ್ರಿ ಉಣ್ಣೆ ಮಾತ್ರ ಒದ್ದೆಯಾಗಲಿ ಅಂದ, ಮರುರಾತ್ರಿ ಉಣ್ಣೆ ಒಣಗಿದ್ದು ನೆಲ ಒದ್ದೆಯಾಗಲಿ ಅಂದ. ಎರಡೂ ಆಯಿತು. ಆದರೆ ಗಮನಿಸಬೇಕು, ಅವನಿಗೆ ಏನು ಮಾಡಬೇಕೆಂದು ಮೊದಲೇ ಗೊತ್ತಿತ್ತು, ಧೈರ್ಯ ಸಾಲಲಿಲ್ಲ. ಯಾಜಕರ ಹತ್ತಿರ ಊರೀಮ್ ತುಮ್ಮೀಮ್ ಎಂಬ ವಸ್ತುಗಳಿದ್ದವು, ಅದರಿಂದ ದೇವರನ್ನು ಕೇಳುತ್ತಿದ್ದರು. ಯೂದನ ಜಾಗಕ್ಕೆ ಹನ್ನೆರಡನೆಯವನನ್ನು ಆರಿಸುವಾಗ ಅಪೊಸ್ತಲರು ಇಬ್ಬರನ್ನು ನಿಲ್ಲಿಸಿ, ಪ್ರಾರ್ಥಿಸಿ, ಚೀಟಿ ಹಾಕಿದರು. ಮತ್ತೀಯನಿಗೆ ಬಂತು. ಅದಾದ ಸ್ವಲ್ಪ ದಿನಕ್ಕೆ ಪವಿತ್ರಾತ್ಮ ಇಳಿದು ಬಂತು. ಆಮೇಲೆ ಹೊಸ ಒಡಂಬಡಿಕೆಯಲ್ಲಿ ಹಾಗೆ ಚೀಟಿ ಹಾಕಿ ಆರಿಸಿದ ಸಂಗತಿ ಇಲ್ಲ. ದೊಡ್ಡಪ್ಪ ಇದನ್ನು ಬೆರಳು ಮಡಚಿ ಹೇಳುತ್ತಿದ್ದರು.

ನನ್ನನ್ನು ಹೆಚ್ಚು ಕಾಡುವುದು ಅರಸ ಸೌಲನ ಕಥೆ. ಯುದ್ಧ ಎದುರಿಗೆ ಉಂಟು, ದೇವರನ್ನು ಕೇಳಿದ. ಕನಸಿನಲ್ಲಿ ಉತ್ತರ ಇಲ್ಲ, ಊರೀಮಿನಲ್ಲಿ ಇಲ್ಲ, ಪ್ರವಾದಿಗಳಲ್ಲಿ ಇಲ್ಲ. ಮೌನ ತಡೆಯಲಿಕ್ಕೆ ಆಗಲಿಲ್ಲ. ವೇಷ ಮರೆಸಿ ರಾತ್ರಿ ಎಂದೋರಿಗೆ ಹೋಗಿ, ಸತ್ತವರನ್ನು ಕರೆಯುವ ಹೆಂಗಸಿನ ಹತ್ತಿರ ಕೇಳಿದ. ಅಂಥವರನ್ನು ದೇಶದಿಂದ ಓಡಿಸಿದವನೂ ಅವನೇ! ನಮ್ಮವರಲ್ಲಿಯೂ ಕತ್ತಲಾದ ಮೇಲೆ ಪಕ್ಕದ ಊರಿನ ಜೋಯಿಸರಲ್ಲಿಗೆ ಹೋಗಿ ಬಂದವರು ಇದ್ದರು. ಹೆಸರು ಯಾಕೆ? ಅವರನ್ನು ನೋಡಿ ನಗಲಿಕ್ಕೆ ನನಗೆ ಮನಸ್ಸಾಗುವುದಿಲ್ಲ. ಮೌನ ಅಂದರೆ ಅಷ್ಟು ಕಷ್ಟ.

ಇನ್ನು ನಮಗೆ ಪ್ರಾರ್ಥನೆ ಕಲಿಸಿದ ಜರ್ಮನಿಯವರ ಕಥೆ. 1834ನೇ ಅಕ್ಟೋಬರ್ 30ಕ್ಕೆ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಇಳಿದರು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಾದರೂ ಮಿಶನಿಗೆ ಬಂದ ಬಹಳ ಜನ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ ಮಕ್ಕಳು, ನೇಕಾರರ ಮಕ್ಕಳೂ ಇದ್ದರು. ಅವರೇನು ಗುರುತು ಕೇಳದ ಜನವಲ್ಲ. ಸತ್ಯವೇದವನ್ನು ಹೆಬ್ಬೆರಳಿನಿಂದ ತೆರೆದು ಸಿಕ್ಕಿದ ವಾಕ್ಯವನ್ನು ಉತ್ತರವೆಂದು ತಿಳಿಯುವ ಪದ್ಧತಿ ಅವರ ಊರುಗಳಲ್ಲೇ ಇತ್ತಂತೆ, ಅದಕ್ಕೆ ಹೆಬ್ಬೆರಳಿನ ಮೇಲೆಯೇ ಒಂದು ಹೆಸರು ಕೂಡಾ ಇತ್ತು. ಇದನ್ನು ತಿಳಿದ ದಿನ ನನಗೆ ದೊಡ್ಡ ಸಮಾಧಾನ. ನನ್ನ ಹೆಬ್ಬೆರಳು ಒಬ್ಬಂಟಿಯಲ್ಲ!

ಜರ್ಮನಿಯ ಇನ್ನೊಂದು ಸೀಮೆಯಲ್ಲಿ ಹೆರ್ನ್‌ಹುಟ್ ಎಂಬ ಊರು. ಮೊರೇವಿಯದ ಸಹೋದರರು ಎಂದು ಕರೆಯುವ ವಿಶ್ವಾಸಿಗಳು ಜಿನ್‌ಜೆನ್‌ಡಾರ್ಫ್ ಎಂಬ ಪ್ರಭುವಿನ ಜಾಗದಲ್ಲಿ ಅದನ್ನು ಕಟ್ಟಿದರು. ಅಲ್ಲಿ 1728ನೇ ಮೇ 3ರಿಂದ ದಿನಕ್ಕೊಂದು ವಚನವನ್ನು ಮನೆಮನೆಗೆ ಹೇಳಿ ಹೋಗುವ ಕ್ರಮ ಸುರುವಾಯಿತು. 1731ರಿಂದ ಅದು ಪುಸ್ತಕವಾಗಿ ಅಚ್ಚಾಯಿತು, ವರ್ಷ ತಪ್ಪದೆ ಈಗಲೂ ಬರುತ್ತಾ ಉಂಟು. ಅದು ಚೆಂದದ ಕ್ರಮ. ಆದರೆ ಅವರು ಚೀಟಿಯನ್ನೂ ಹಾಕುತ್ತಿದ್ದರು. ಹೌದು ಎಂಬ ಚೀಟಿ, ಅಲ್ಲ ಎಂಬ ಚೀಟಿ, ಏನೂ ಬರೆಯದ ಖಾಲಿ ಚೀಟಿ. ಖಾಲಿ ಬಂದರೆ ಕಾಯಿರಿ ಅಂತ ಅರ್ಥ. ಯಾರನ್ನು ಯಾವ ದೇಶಕ್ಕೆ ಕಳಿಸುವುದು, ಯಾರನ್ನು ಹಿರಿಯನಾಗಿ ನೇಮಿಸುವುದು, ಯಾರಿಗೆ ಯಾರನ್ನು ಮದುವೆ ಮಾಡುವುದು, ಇದೆಲ್ಲ ಚೀಟಿಯಲ್ಲಿ. ಹುಡುಗನೂ ಹುಡುಗಿಯೂ ಒಪ್ಪಿ ಚೀಟಿ ಬೇಡ ಅಂದರೆ ಮದುವೆ ಇಲ್ಲ. ಸುಮಾರು ತೊಂಬತ್ತು ವರ್ಷ ಹೀಗೆ ನಡೆಯಿತು. ಜನರಿಗೆ ಬೇಸರ ಬಂದು 1818ರಲ್ಲಿ ಸಭೆ ಸೇರಿ ಮದುವೆಗೆ ಚೀಟಿಯ ಕಡ್ಡಾಯ ತೆಗೆದು ಹಾಕಿದರು. ಆ ಖಾಲಿ ಚೀಟಿ ಮಾತ್ರ ನನಗೆ ಬಹಳ ಇಷ್ಟವಾಯಿತು. ಕವಡೆಯಲ್ಲಿ ಖಾಲಿ ಬರುವುದಿಲ್ಲ, ಏನಾದರೂ ಒಂದು ಹೇಳಿಯೇ ಹೇಳುತ್ತದೆ.

ಚೀಟಿ ಹೋಯಿತು ಅಂತ ಅನಿಶ್ಚಯ ಹೋಯಿತೋ? ಇಲ್ಲ. ಬಾಸೆಲ್ ಮಿಶನಿನವರ ಮದುವೆ ಕಥೆ ಕೇಳಿದರೆ ನಮ್ಮ ಊರಿನ ಹೆಂಗಸರು ಮೂಗಿನ ಮೇಲೆ ಬೆರಳು ಇಡುತ್ತಾರೆ. ಮಿಶನರಿ ಮದುವೆಯಾಗದೆ ಬರಬೇಕು, ಕೆಲವು ವರ್ಷ ಸೇವೆ ಆದ ಮೇಲೆ ಬಾಸೆಲಿನ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿ ಒಪ್ಪಿದರೆ ಎಷ್ಟೋ ಸಲ ಸಮಿತಿಯೇ ಹೆಣ್ಣು ಹುಡುಕುವುದು. ಅಲ್ಲಿ ಒಂದು ಹಳ್ಳಿಯಲ್ಲಿ ಮನೆಕೆಲಸ ಮಾಡಿಕೊಂಡಿದ್ದ ಹುಡುಗಿಗೆ ಒಂದು ದಿನ ಕಾಗದ ಬರುತ್ತದೆ, ಇಂಡ್ಯಾದಲ್ಲಿ ಇಂಥ ಹೆಸರಿನ ಒಬ್ಬ ಸಹೋದರ ಇದ್ದಾನೆ, ಅವನ ಹೆಂಡತಿಯಾಗಿ ಹೋಗುತ್ತೀಯಾ ಎಂದು. ಮುಖ ನೋಡಿದ್ದಿಲ್ಲ, ಮಾತಾಡಿದ್ದಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅದಕ್ಕೆ ಮುಂಚೆ ಆಫ್ರಿಕಾ ಸುತ್ತಿ ಹಡಗಿನಲ್ಲಿ ಬರಬೇಕಾದರೆ ತಿಂಗಳುಗಟ್ಟಲೆ. ಸ್ವಲ್ಪ ದಿನದಲ್ಲಿ ಉತ್ತರ ಬರೆಯಬೇಕು. ಆ ಹುಡುಗಿ ಯಾರನ್ನು ಕೇಳುವುದು? ಪ್ರಾರ್ಥನೆ ಮಾಡಿದರು, ವಚನದ ಪುಸ್ತಕ ತೆರೆದು ನೋಡಿದವರೂ ಇದ್ದರು. ತಂದೆತಾಯಿ ಒಪ್ಪಿದರೆ ಅದೇ ದೇವರ ಒಪ್ಪಿಗೆ ಎಂದು ತಿಳಿದು ಹೊರಟವರು ಹಲವರು. ಹಡಗು ಇಳಿದ ಮೇಲೆ ಗಂಡನ ಮುಖ ನೋಡಿದ್ದು.

ಮತ್ತೆ ಇನ್ನೊಂದು ಉಂಟು. 1853ರ ಸುಮಾರಿಗೆ ಸಮಿತಿ ಒಂದು ನಿಯಮ ಮಾಡಿತು. ಮಿಶನರಿಗಳ ಮಕ್ಕಳು ಶಾಲೆಗೆ ಹೋಗುವ ಪ್ರಾಯ ಆದಾಗ ಅವರನ್ನು ಬಾಸೆಲಿನ ಮಕ್ಕಳ ಮನೆಗೆ ಕಳಿಸಬೇಕು. ಆರೇಳು ವರ್ಷದ ಮಕ್ಕಳು! ಹಡಗು ಹತ್ತಿಸಿ ಕಳಿಸಿದ ತಾಯಿ ಮತ್ತೆ ನೋಡುವಾಗ ಮಗುವಿಗೆ ಮೀಸೆ ಬಂದಿರುತ್ತಿತ್ತು, ಕೆಲವರು ನೋಡಲೇ ಇಲ್ಲ. ಇದನ್ನು ದೇವರ ಚಿತ್ತ ಅಂತ ಹೇಳಿ ನಡೆಸಿದರು. ನನಗೆ ಇದು ಒಪ್ಪುವುದಿಲ್ಲ, ಬರೆದೇ ಬಿಡ್ತೇನೆ. ಸಮಿತಿಯ ಅಪ್ಪಣೆಯೂ ದೇವರ ಅಪ್ಪಣೆಯೂ ಒಂದೇ ಅಂತ ತಿಳಿಯುವುದು, ಹೆಬ್ಬೆರಳಿನಲ್ಲಿ ಪುಸ್ತಕ ತೆರೆಯುವುದಕ್ಕಿಂತ ದೊಡ್ಡ ಅಪಾಯ. ನಾನು ತೆರೆದದ್ದಕ್ಕೆ ಹೋದದ್ದು ಒಂದು ಜೊತೆ ಬೆಂಡೋಲೆ.

ಸಮಿತಿಯನ್ನು ಕಾಯದೆ ಹೋದವರೊಬ್ಬರ ಕಥೆ ಹೇಳಬೇಕು. ಅವರು ಹರ್ಮನ್ ಮೊಗ್ಲಿಂಗ್. ಶಾಲೆಯ ಮಾಷ್ಟ್ರುಗಳಿಗೆ ಈ ಹೆಸರು ಗೊತ್ತುಂಟು, 1843ನೇ ಜುಲೈ 1ರಂದು ‘ಮಂಗಳೂರ ಸಮಾಚಾರ’ ಎಂಬ ಕನ್ನಡದ ಮೊದಲನೇ ಪತ್ರಿಕೆ ಹೊರಡಿಸಿದವರು. ನನ್ನಂಥ ಹಾಡುವವನಿಗೆ ಅವರ ಮೇಲೆ ಬೇರೆಯೇ ಗೌರವ. 1850ರಲ್ಲಿ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರು ಅವರೇ. ಹಳೆಯ ಕನ್ನಡ ಕಾವ್ಯಗಳನ್ನೂ ಅಚ್ಚಿಗೆ ತಂದರು. ಅದಕ್ಕೆ ಹಣ ಕೊಟ್ಟವರು ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ದೊರೆ. ಕನ್ನಡದ ಪುಸ್ತಕಕ್ಕೆ ಹಣ ಗಡಿಯಾಚೆಯಿಂದ ಬಂತು ಎಂದು ಗಡಿಯಾಚೆ ಕೂತ ನಾವು ನೆನಪಿಡಬೇಕು. ಇರಲಿ.

1852ರ ಹೊತ್ತಿಗೆ ಮೊಗ್ಲಿಂಗರು ಬಂದು ಹದಿನಾರು ವರ್ಷ ಆಗಿತ್ತು. ಶಾಲೆ, ಬಲ್ಮಠದ ಉಪದೇಶಿಗಳ ಪಾಠಶಾಲೆ, ಅಚ್ಚಿನ ಕೆಲಸ, ಎಲ್ಲ ಮಾಡಿ ಮೈ ಸೋತಿತ್ತು. ಯುರೋಪಿಗೆ ವಾಪಾಸು ಹೊರಡುವ ಸನ್ನಾಹದಲ್ಲಿದ್ದರು. ಆಗ ಮಂಗಳೂರಿಗೆ ಸನ್ಯಾಸಿಯ ವೇಷದಲ್ಲಿ ಒಬ್ಬ ಕೊಡವರು ಬಂದರು. ಆಲಮಂಡ ಸೋಮಯ್ಯ ಅಂತ ಹೆಸರು. ಮನೆ ಮಠ ಬಿಟ್ಟು ಸತ್ಯ ಹುಡುಕುತ್ತಾ ತಿರುಗಿದವರು. ಅವರು ಇಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಸ್ತೆಫಾನ ಎಂದು ಹೆಸರಾಯಿತು. ಆದರೆ ಅವರ ಹೆಂಡತಿ ಮಕ್ಕಳು, ಮನೆ, ಗದ್ದೆ ಎಲ್ಲ ಕೊಡಗಿನಲ್ಲಿ. ಒಬ್ಬರೇ ತಿರುಗಿ ಹೋದರೆ ಮನೆಯೊಳಗೆ ಬಿಡುತ್ತಾರೋ ಇಲ್ಲವೋ. ಜೊತೆಗೆ ಯಾರಾದರೂ ಬೇಕು.

ಈಗ ಮೊಗ್ಲಿಂಗರ ಜಾಗದಲ್ಲಿ ನಾವು ನಿಂತು ನೋಡುವ. ಒಂದು ಕಡೆ ಕಾಯಿಲೆಯ ಮೈ, ಊರಿಗೆ ಹೋಗುವ ಹಡಗು. ಇನ್ನೊಂದು ಕಡೆ ಮುಖ ಪರಿಚಯವೂ ಸರಿಯಾಗಿಲ್ಲದ ಒಬ್ಬ ಮನುಷ್ಯ, ಘಾಟಿಯ ಮೇಲಿನ ದೇಶ, ಮಿಶನಿನ ಒಂದು ಮನೆಯೂ ಅಲ್ಲಿಲ್ಲ. ಬಾಸೆಲಿಗೆ ಕಾಗದ ಬರೆದು ಉತ್ತರ ಬರುವಾಗ ತಿಂಗಳು ಕಳೆಯುತ್ತದೆ. ಆ ಮನುಷ್ಯ ಅಷ್ಟು ದಿನ ಕಾಯಬೇಕೋ? ಪೌಲನಿಗೆ ಹೀಗೆಯೇ ಆಗಿತ್ತು. ಬಿಥೂನ್ಯಕ್ಕೆ ಹೋಗುವ ಅಂತ ಹೊರಟರೆ ದಾರಿ ಮುಚ್ಚಿತು, ತ್ರೋವದಲ್ಲಿ ರಾತ್ರಿ ಒಂದು ದರ್ಶನ, ಮಕೆದೋನ್ಯದವನೊಬ್ಬ ನಿಂತು ಸಹಾಯಕ್ಕೆ ಕರೆಯುತ್ತಾನೆ. ಪೌಲನಿಗೆ ಕಂಡದ್ದು ದರ್ಶನದಲ್ಲಿ. ಮೊಗ್ಲಿಂಗರಿಗೆ ದರ್ಶನ ಬೇಕಾಗಲಿಲ್ಲ, ಮನುಷ್ಯನೇ ಬಾಗಿಲಿಗೆ ಬಂದಿದ್ದ. ಅವರು ಹಡಗು ಬಿಟ್ಟು 1853ರಲ್ಲಿ ಸೋಮಯ್ಯನವರ ಜೊತೆ ಘಾಟಿ ಹತ್ತಿದರು. ಸಮಿತಿ ಹೊಸ ಕ್ಷೇತ್ರಕ್ಕೆ ಕೂಡಲೇ ಒಪ್ಪಿಗೆ ಕೊಡಲಿಲ್ಲ. ತನ್ನ ಸ್ವಂತ ಹೊಣೆಯಲ್ಲಿ, ಸ್ನೇಹಿತರ ಹಣದಲ್ಲಿ ಅಲ್ಲಿ ಕೆಲಸ ಮಾಡಿದರು.

ಇದು ದೇವರ ನಡೆಸುವಿಕೆಯೋ ಮೊಗ್ಲಿಂಗರ ಹಟವೋ ಎಂದು ದೊಡ್ಡಪ್ಪನ ಹತ್ತಿರ ಒಮ್ಮೆ ವಾದ ಮಾಡಿದ್ದೆ. ಯಾಕೆಂದರೆ ಅವರು ನೆನೆಸಿದ ಹಾಗೆ ಆಗಲಿಲ್ಲ. ಕೊಡವರ ನಡುವೆ ದೊಡ್ಡ ಸಭೆ ಹುಟ್ಟಲಿಲ್ಲ. ಬಂದವರು ಯಾರು? ಜಮ್ಮದ ಗದ್ದೆಗಳಲ್ಲಿ ಜೀತ ಮಾಡುತ್ತಿದ್ದ ಹೊಲೆಯರು. ಅವರಿಗಾಗಿ ಜಾಗ ತೆಗೆದು ಆನಂದಪುರ ಎಂಬ ಊರು ಮಾಡಿದರು. ದೊಡ್ಡಮನೆಯ ಬಾಗಿಲು ತಟ್ಟಲಿಕ್ಕೆ ಹೋದವನಿಗೆ ಕೊಟ್ಟಿಗೆಯ ಬಾಗಿಲು ತೆರೆಯಿತು. ಹಾಗಾದರೆ ಅವರು ಕೇಳಿಸಿಕೊಂಡದ್ದು ಸರಿಯೋ ತಪ್ಪೋ? ದೊಡ್ಡಪ್ಪ ಒಂದೇ ಮಾತು ಹೇಳಿದರು, "ಹೋಗದಿದ್ದರೆ ಎರಡೂ ಬಾಗಿಲು ಕಾಣುತ್ತಿರಲಿಲ್ಲ ಅಲ್ವಾ?" ನಾನು ಮಾತು ಬೆಳೆಸಲಿಲ್ಲ. 1860ರಲ್ಲಿ ಹೆಂಡತಿಯ ಕಾಯಿಲೆಯಿಂದ ಮೊಗ್ಲಿಂಗರು ಊರಿಗೆ ಮರಳಿದರು, 1881ರಲ್ಲಿ ಅಲ್ಲಿಯೇ ತೀರಿಹೋದರು.

ಆನಂದಪುರದ ಆನಂದ ಯಾರು ಅಂದರೆ ಹರ್ಮನ್ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, 1825ರಲ್ಲಿ ಹುಟ್ಟಿದವರು, ಮೊಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಕಲಿತವರು. 1844ನೇ ಜನವರಿ 6ರಂದು ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಆಯಿತು, ಊರೆಲ್ಲ ಕದಡಿತು. ಆಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ, ಮದುವೆ ಆಗಿತ್ತು. ಹೆಂಡತಿ ಅವರ ಜೊತೆ ಬರಲಿಲ್ಲ. ಕೌಂಡಿನ್ಯರು ವರ್ಷಗಟ್ಟಲೆ ಕಾದರು. ಬಾಸೆಲಿಗೆ ಹೋಗಿ ಕಲಿತು 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದರು, ಆಗಲೂ ಅವಳು ಬರಲಿಲ್ಲ. ಎಷ್ಟೋ ಕಾಲದ ಮೇಲೆ ಜರ್ಮನಿಯ ಹೆಣ್ಣುಮಗಳನ್ನು ಮದುವೆಯಾದರು. ಕೌಂಡಿನ್ಯರು ಎಷ್ಟು ಸಲ ಅವಳಿಗಾಗಿ ಪ್ರಾರ್ಥನೆ ಮಾಡಿದ್ದಾರೋ ದೇವರಿಗೇ ಗೊತ್ತು. ಆ ಹುಡುಗಿ ಯಾವ ದೇವರ ಮುಂದೆ ಏನು ಕೇಳಿಕೊಂಡಳು ಅಂತ ಬರೆದಿಟ್ಟವರು ಯಾರು? ನಮ್ಮ ಪಾಡ್ದನಗಳಲ್ಲಾದರೆ ಅವಳ ಅಳು ಇರುತ್ತಿತ್ತು. ಚರಿತ್ರೆಯ ಪುಸ್ತಕ ಓದುವಾಗ ನನಗೆ ಯಾವಾಗಲೂ ಈ ಒಂದು ಕೊರತೆ ಕಾಣುತ್ತದೆ.

ಇನ್ನೊಬ್ಬರ ವಿಷಯ ಸ್ವಲ್ಪ ಹೇಳಿ ಮುಗಿಸ್ತೇನೆ. ನಮ್ಮಿಂದ ತೆಂಕಕ್ಕೆ ತಲಶ್ಶೇರಿಯಲ್ಲಿ ಗುಂಡರ್ಟ್ ಇದ್ದರು, ಮಲಯಾಳ ನಿಘಂಟು ಮಾಡಿದವರು. ಅವರನ್ನು 1836ರಲ್ಲಿ ಇಂಡ್ಯಾಕ್ಕೆ ಕರೆತಂದವರು ಗ್ರೋವ್ಸ್ ಎಂಬವರು. ಗ್ರೋವ್ಸರ ತಂಗಿಯ ಗಂಡ ಜಾರ್ಜ್ ಮ್ಯುಲ್ಲರ್, ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದವರು. ಪ್ರಾರ್ಥನೆಗೆ ಹೆಸರಾದವರು. ಆದರೆ ಪ್ರಾಯದಲ್ಲಿ ಅವರೂ ನಮ್ಮ ಹಾಗೆಯೇ! ಮಿಶನರಿಯಾಗಿ ಹೋಗುವುದೋ ಬೇಡವೋ ಎಂದು ತಿಳಿಯಲಿಕ್ಕೆ ಲಾಟರಿ ಟಿಕೇಟು ತೆಗೆದರಂತೆ, ಹಣ ಬಂದರೆ ಹೋಗುವುದು, ಬರದಿದ್ದರೆ ಇಲ್ಲ. ಸ್ವಲ್ಪ ಹಣ ಬಂತು. ಅರ್ಜಿ ಹಾಕಿದರು, ತಂದೆಯ ಒಪ್ಪಿಗೆ ಇಲ್ಲ ಅಂತ ಅಲ್ಲಿ ತೆಗೆದುಕೊಳ್ಳಲಿಲ್ಲ! ಮುಂದೆ ಪ್ರಾಯ ಆದ ಮೇಲೆ ಅವರ ಕ್ರಮವೇ ಬೇರೆ ಆಯಿತು. ಮೊದಲು ಈ ವಿಷಯದಲ್ಲಿ ನನ್ನ ಸ್ವಂತ ಇಷ್ಟ ಅಂತ ಏನೂ ಉಳಿಯದ ಹಾಗೆ ಮನಸ್ಸನ್ನು ತರಬೇಕು, ಹೆಚ್ಚಿನ ಕಷ್ಟ ಅಲ್ಲಿಯೇ ಮುಗಿಯುತ್ತದೆ ಅನ್ನುತ್ತಿದ್ದರು. ಆಮೇಲೆ ವೇದ ಓದುವುದು, ಸುತ್ತಮುತ್ತ ಏನು ನಡೆಯುತ್ತಿದೆ ನೋಡುವುದು, ಪ್ರಾರ್ಥಿಸುವುದು, ಅವಸರ ಮಾಡದೆ ಕಾಯುವುದು. ಮೈ ಜುಂ ಅಂದದ್ದನ್ನು ನಂಬಬಾರದು ಎಂದೂ ಎಚ್ಚರಿಸಿದ್ದಾರೆ. 1991ರಲ್ಲಿ ಇದನ್ನು ಯಾರಾದರೂ ನನಗೆ ಹೇಳುತ್ತಿದ್ದರೆ!

ಯೇಸುಸ್ವಾಮಿ ಗೆತ್ಸೇಮನೆ ತೋಟದಲ್ಲಿ ಮೂರು ಸಲ ಒಂದೇ ಬೇಡಿಕೆ ಇಟ್ಟದ್ದನ್ನು ಎಲ್ಲರೂ ಬಲ್ಲರು. ಈ ಪಾತ್ರೆ ದಾಟಿ ಹೋಗಲಿ, ಆದರೂ ನನ್ನ ಇಷ್ಟ ಬೇಡ ಎಂದು. ಮೇಲಿಂದ ಮಾತಿನಲ್ಲಿ ಉತ್ತರ ಬಂದದ್ದು ಬರೆದಿಲ್ಲ. ಎದ್ದು ನಡೆದರು, ಅಷ್ಟೆ. ದೊಡ್ಡಪ್ಪ ಇದಕ್ಕಿಂತ ಹೆಚ್ಚು ವ್ಯಾಖ್ಯಾನ ಮಾಡುತ್ತಿರಲಿಲ್ಲ, ನಾನೂ ಮಾಡುವುದಿಲ್ಲ.

ಹಾಡಿನ ವಿಷಯದಲ್ಲಿ ನನಗೂ ಒಮ್ಮೆ ಇಕ್ಕಟ್ಟು ಬಂದಿತ್ತು. ಇಪ್ಪತ್ತೆರಡು ವರ್ಷ ಪ್ರಾಯ ಇರಬೇಕು. ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ಕಬಿತಗಳನ್ನು, ಪಾಡ್ದನದ ಸಂಧಿಗಳನ್ನು ನಾನು ಅಮ್ಮನಿಂದಲೂ ನೆರೆಯ ಮುದುಕಿಯರಿಂದಲೂ ಕಲಿತಿದ್ದೆ. ಭೂತದ ಕಥೆ ಹಾಡುವವನು ಸಭೆಯಲ್ಲಿ ಕೀರ್ತನೆ ಹಾಡಬಾರದು ಎಂದು ಒಬ್ಬರು ಎದ್ದು ನಿಂತು ಹೇಳಿದರು. ನಾನು ತಿಂಗಳುಗಟ್ಟಲೆ ದೇವರನ್ನು ಕೇಳಿದೆ. ಖಾಲಿ ಚೀಟಿ! ಕಡೆಗೆ ಸಭಾಪಾಲಕರು, ದೊಡ್ಡಪ್ಪ, ನಾನು ಮೂವರು ಕೂತು ಮಾತಾಡಿದೆವು. ಕೋಲದಲ್ಲಿ ನಿಂತು ಹಾಡುವುದು ಆರಾಧನೆಯ ಭಾಗ, ಅದು ಬೇಡ. ಗದ್ದೆಯಲ್ಲಿ, ಶಾಲೆಯಲ್ಲಿ, ಕಲಿಯಲಿಕ್ಕೆ ಬಂದವರ ಮುಂದೆ ಕಥೆಯಾಗಿ ಹಾಡಬಹುದು. ಹಾಗೆ ಒಂದು ಗೆರೆ ಹಾಕಿಕೊಂಡೆ. ಆ ಗೆರೆ ಸರಿಯಾದ ಜಾಗದಲ್ಲಿ ಉಂಟೋ ಎಂದು ಈಗಲೂ ಕೆಲವು ರಾತ್ರಿ ಯೋಚನೆ ಬರುತ್ತದೆ. ಹಾಡದೆ ಬಿಟ್ಟಿದ್ದರೆ ಇವತ್ತು ನಮ್ಮ ಶಾಲೆಯ ಮಕ್ಕಳಿಗೆ ಕಲಿಸಲಿಕ್ಕೆ ಯಾರೂ ಇರುತ್ತಿರಲಿಲ್ಲ ಅಂತ ಮಾಷ್ಟ್ರು ಹೇಳುತ್ತಾರೆ, ಅದು ಅವರ ಪ್ರೀತಿ.

ಸುರಂಗದ ಕಥೆ ಪೂರ್ತಿ ಮಾಡಬೇಕಲ್ಲ. 1994ರಲ್ಲಿ ಎರಡನೇ ಸಲ ಕೊರೆದೆವು. ಈ ಸಲ ಪುಸ್ತಕ ತೆರೆದು ಬೆರಳು ಇಡಲಿಲ್ಲ. ಮಳೆಗಾಲ ಕಳೆದ ಮೇಲೆ ಎಲ್ಲಿ ಹುಲ್ಲು ತಡವಾಗಿ ಒಣಗುತ್ತದೆ ಎಂದು ಒಂದು ವರ್ಷ ನೋಡಿದೆ. ಭಟ್ರನ್ನು ಕೇಳಿದೆ, ಸುರಂಗ ಕೊರೆಯುವುದರಲ್ಲಿ ಕೂದಲು ಬೆಳ್ಳಗಾದ ಒಬ್ಬರನ್ನು ಕರೆತಂದು ತೋರಿಸಿದೆ, ಹೆಂಡತಿಯನ್ನೂ ಕೇಳಿದೆ. ಹೋದ ಸಲ ಬೆಂಡೋಲೆ ಅವಳದ್ದಾದರೂ ಕೇಳಿರಲಿಲ್ಲ. ಪ್ರಾರ್ಥನೆಯಂತೂ ದಿನವೂ ಇತ್ತು. ಅತ್ತಿಮರದ ಕೆಳಗೆ ಇಪ್ಪತ್ತೆಂಟನೇ ಕೋಲಿಗೆ ಶೇಡಿಮಣ್ಣು ಬಂತು, ಮೂವತ್ತೊಂದನೇ ಕೋಲಿಗೆ ಕಿರುಬೆರಳಿನಷ್ಟು ನೀರು. ಕೊರೆದವರು ಅತ್ತಿಮರ ಸುಳ್ಳು ಹೇಳು[ವು]ದಿಲ್ಲ ಅಂದರು. ಹೆಂಡತಿ ಪ್ರಾರ್ಥನೆಯ ಫಲ ಅಂದಳು. ನಾನು ಇಬ್ಬರಿಗೂ ಹೌದು ಅಂದೆ.

ಆ ನೀರು ಇವತ್ತಿಗೂ ನಿಂತಿಲ್ಲ, ಮೇ ತಿಂಗಳಲ್ಲಿ ಸಪೂರ ಆಗುತ್ತದೆ ಅಷ್ಟೆ. ಮಗನಿಗೆ ಈ ಜಾಗ ಮಾರುವುದೋ ಬೇಡವೋ ಎಂದು ಇನ್ನೂ ಉತ್ತರ ಕೊಟ್ಟಿಲ್ಲ. ಮಾರಬಾರದು ಅಂತ ನನ್ನ ಆಸೆ ಬಲವಾಗಿ ಉಂಟು, ಅದೇ ತೊಂದರೆ. ಹೆಂಡತಿಗೆ ಮೊಣಕಾಲು ನೋವು, ಮಂಗಳೂರಿನಲ್ಲಿ ಆಸ್ಪತ್ರೆ ಹತ್ತಿರ ಎಂಬುದೂ ಸುಳ್ಳಲ್ಲ. ಅವಳು ಬಾಯಿಬಿಟ್ಟು ಏನೂ ಹೇಳಿಲ್ಲ. ಮೊನ್ನೆ ರಾತ್ರಿ ಪ್ರಾರ್ಥನೆ ಮುಗಿಸಿ ಏಳುವಾಗ ಗೋಡೆ ಹಿಡಿದು ಎದ್ದಳು. ನಿನ್ನ ಮನಸ್ಸು ಎಂತ ಹೇಳ್ತದೆ ಎಂದು ಅವಳನ್ನು ಕೇಳಿದೆ. "ಮಳೆ ಕಳೆಯಲಿ, ಹೇಳ್ತೇನೆ" ಅಂದಳು. ಮಗನಿಗೂ ಹಾಗೆಯೇ ಹೇಳಿದ್ದೇನೆ.